ನಲವತ್ತೆರಡಕ್ಕೆ ಟೆನಿಸ್, ನಲವತ್ತಮೂರಕ್ಕೆ ಮೊಣಕೈ

ಕಳೆದ ವಾರ ಫಿಸಿಯೋ ನನ್ನ ಫೈಲು ಮುಚ್ಚಿದರು. "ಇನ್ನು ಬರಬೇಡಿ ಮೇಡಂ, ನೋವು ಬಂದರೆ ಮಾತ್ರ ಫೋನ್ ಮಾಡಿ" ಅಂದರು. ಟೆನಿಸ್ ಆಡಿ ಮೊಣಕೈ ನೋವು ತಂದುಕೊಂಡು, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಎತ್ತಲು ತಿಂಗಳುಗಟ್ಟಲೆ ಹೆದರಿದ್ದ ಕೈ ಇದು. ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡುವಾಗ ಬಲಗೈಯಲ್ಲೇ ಹ್ಯಾಂಡಲ್ ಒತ್ತಿ ಹಿಡಿದೆ. ಏನೂ ಆಗಲಿಲ್ಲ.

ನಲವತ್ತು ದಾಟಿದ ಮೇಲೆ ಟೆನಿಸ್ ಬ್ಯಾಟು ಹಿಡಿಯಲು ಹೊರಟವರು ನನ್ನ ಸುತ್ತಲೇ ಮೂರು ನಾಲ್ಕು ಜನ ಇದ್ದಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಂಡ್ಯದ ಒಂದು ಟ್ರಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುವವಳು. ಮನೆ ಮೈಸೂರಿನ ಕುವೆಂಪುನಗರ. ದಿನಾ ರೈಲಿನಲ್ಲಿ ಓಡಾಟ. ರಸೀದಿ ಎಸೆಯುವ ಅಭ್ಯಾಸ ಇಲ್ಲ. ಹಾಗಾಗಿ ಖರ್ಚಿನ ವಿಷಯದಲ್ಲಿ ಅಂದಾಜು ಹೇಳುತ್ತಿಲ್ಲ, ಕೊಟ್ಟಿದ್ದನ್ನೇ ಹೇಳುತ್ತಿದ್ದೇನೆ.

ಶುರುವಾಗಿದ್ದು 2024ರ ಜನವರಿಯಲ್ಲಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಜೊತೆಗಾರ ಮ್ಯಾಥ್ಯೂ ಎಬ್ಡೆನ್. ಬೋಪಣ್ಣನವರಿಗೆ ಆಗ 43. ಆ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಟಿವಿ ನೋಡುತ್ತಾ ನಮ್ಮ ಮನೆಯವರು, "ನಿನಗಿಂತ ಒಂದು ವರ್ಷ ದೊಡ್ಡವರು ನೋಡು" ಅಂದರು. ಅವರು ತಮಾಷೆಗೆ ಅಂದಿದ್ದು. ನನಗೆ ಚುರ್ ಅಂತು.

ಮಗಳು ಆಗಲೇ ಎರಡು ವರ್ಷದಿಂದ ಆಡುತ್ತಿದ್ದಳು. ಬೆಳಿಗ್ಗೆ ಅವಳನ್ನು ಬಿಟ್ಟು, ಕಲ್ಲುಬೆಂಚಿನ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿಯುವುದು ನನ್ನ ಕೆಲಸ. ಮೈಸೂರು ಓಪನ್ ನಡೆದಾಗ ಅವಳ ಜೊತೆ ಹೋಗಿ, ನಮ್ಮೂರಿನ ಪ್ರಜ್ವಲ್ ದೇವ್ ಆಡುವುದನ್ನೂ ನೋಡಿದ್ದೆ. ಟಿವಿಯಲ್ಲಿ ಚೆಂಡು ಅಷ್ಟು ಜೋರಾಗಿ ಹೋಗುತ್ತದೆ ಅಂತ ಗೊತ್ತೇ ಆಗಲ್ಲ. ಹತ್ತಿರ ಕೂತರೆ ಮೊದಲು ಕೇಳಿಸುವುದು ಬೂಟಿನ ಸದ್ದು. ಒಂದೊಂದು ಹೊಡೆತಕ್ಕೆ ಮುಂಚೆ ಐದಾರು ಪುಟ್ಟ ಹೆಜ್ಜೆ. ಆಗ ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹದಿನೆಂಟು ಸಾವಿರ ಉಳಿಯುತ್ತಿತ್ತು.

ಏಪ್ರಿಲ್ ಮೊದಲ ವಾರ ಕ್ಲಬ್ಬಿನ ಕಿಟಕಿ ಮುಂದೆ ನಿಂತೆ. (ಯಾವ ಕ್ಲಬ್ಬು ಅಂತ ಕೇಳಬೇಡಿ, ಕಿಟಕಿಗಳೆಲ್ಲ ಎಲ್ಲ ಕಡೆ ಒಂದೇ ಥರ ಇರುತ್ತವೆ.) ಬೇಕಾಗಿದ್ದು ಅರ್ಜಿ, ಎರಡು ಫೋಟೋ, ಆಧಾರ್ ನಕಲು, ಒಬ್ಬ ಹಳೇ ಸದಸ್ಯರ ಸಹಿ, ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್. ಮೊದಲ ಸಲ ಸದಸ್ಯರ ಸಹಿ ಇರಲಿಲ್ಲ ಅಂತ ವಾಪಸ್. ಎರಡನೇ ಸಲ ಸರ್ಟಿಫಿಕೇಟಿನಲ್ಲಿ ಡಾಕ್ಟರ ಸೀಲಿತ್ತು, ರಿಜಿಸ್ಟ್ರೇಷನ್ ನಂಬರ್ ಇರಲಿಲ್ಲ. ವಾಪಸ್. ಮೂರನೇ ಸಲ ಎಲ್ಲ ಸರಿಯಾಗಿತ್ತು. ಆಗ ಗುಮಾಸ್ತರು ತಲೆ ಎತ್ತಿ, "ಈಗ ಮಕ್ಕಳ ಬೇಸಿಗೆ ಶಿಬಿರ ಮೇಡಂ. ದೊಡ್ಡವರ ಬ್ಯಾಚು ಜೂನ್‌ಗೆ" ಅಂದರು. ಇದನ್ನು ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ನೀವು ಸೇರುವುದಾದರೆ ಏಪ್ರಿಲ್, ಮೇ ಬಿಟ್ಟುಬಿಡಿ. ಕೋರ್ಟು ಖಾಲಿ ಇರಲ್ಲ.

ಕಾಯುತ್ತಾ ಸುಮ್ನೆ ಇರಬಹುದಿತ್ತು. ನಾನು ಬ್ಯಾಟು ಕೊಂಡೆ. 7,200 ರೂಪಾಯಿ. ತೆಳು ಹಿಡಿ, ಗಟ್ಟಿ ಫ್ರೇಮು. ಅಂಗಡಿಯವರು "ದೊಡ್ಡ ಪ್ಲೇಯರ್ಸ್ ಎಲ್ಲ ಇದನ್ನೇ ಹಾಕಿಸೋದು" ಅಂತ ಪಾಲಿಯೆಸ್ಟರ್ ಗಟ್ಟಿಂಗ್ (ಬ್ಯಾಟಿನ ಬಲೆಯ ದಾರ) ಮಾಡಿ, 56 ಪೌಂಡಿನ ಬಿಗಿತಕ್ಕೆ ಎಳೆದುಕೊಟ್ಟರು. ನನಗೆ ಪೌಂಡೂ ಗೊತ್ತಿಲ್ಲ, ಪಾಲಿಯೆಸ್ಟರೂ ಗೊತ್ತಿಲ್ಲ. ಬಣ್ಣ ಚೆನ್ನಾಗಿತ್ತು.

ಜೂನ್‌ನಲ್ಲಿ ಮೊದಲ ದಿನ. ಬೆಳಗಿನ ಆರು ಗಂಟೆ. ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಬಿಳಿ ಗೆರೆಗಳನ್ನು ಪೊರಕೆಯಲ್ಲಿ ಗುಡಿಸಿ ಇಟ್ಟಿದ್ದರು. ಆ ವಾಸನೆಗೇ ಅರ್ಧ ಮನಸ್ಸು ಸೋತಿತು. ದೂರದಲ್ಲಿ ಮಂಜು ಹೊದ್ದ ಚಾಮುಂಡಿ ಬೆಟ್ಟ. ಕೋಚ್ ಒಂದು ಬುಟ್ಟಿ ಚೆಂಡು ಇಟ್ಟುಕೊಂಡು ಒಂದೊಂದೇ ಎಸೆದರು. ಮೊದಲ ಇಪ್ಪತ್ತರಲ್ಲಿ ಹದಿನಾಲ್ಕು ನೆಟ್ಟಿಗೆ. ಎರಡು ಪಕ್ಕದ ಕೋರ್ಟಿಗೆ. ಒಂದು ಬೇಲಿ ದಾಟಿ ರಸ್ತೆಗೆ.

"ಕಾಲು ಮೇಡಂ, ಕಾಲು!" ಇದೊಂದೇ ಅವರ ಪಾಠ. ನಾನು ಕೈಯನ್ನೇ ನೋಡುತ್ತಿದ್ದೆ.

ಹೊರಗಿನಿಂದ ನೋಡಿದರೆ ಕೋರ್ಟು ದೊಡ್ಡದು ಅನಿಸಲ್ಲ. ಉದ್ದ 23.77 ಮೀಟರ್, ಸಿಂಗಲ್ಸ್‌ಗೆ ಅಗಲ 8.23 ಮೀಟರ್. ನಿಮ್ಮ ಪಾಲಿಗೆ ಬರುವುದು ಅದರ ಅರ್ಧ. ನಡೆದರೆ ಹತ್ತು ಹನ್ನೆರಡು ಹೆಜ್ಜೆ, ಅಷ್ಟೇ. ಆದರೆ ಆ ಹೆಜ್ಜೆಗಳನ್ನು ನೇರವಾಗಿ ಓಡುವ ಹಾಗಿಲ್ಲ. ಅಡ್ಡ ಜಾರಬೇಕು, ನಿಲ್ಲಬೇಕು, ತಿರುಗಬೇಕು, ಮತ್ತೆ ನಡುವಿಗೆ ಬರಬೇಕು. ಎದುರಿನವರು ಚೆಂಡು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಒಂದು ಸಣ್ಣ ಜಿಗಿತ ಹಾಕಿ ಎರಡೂ ಕಾಲಲ್ಲಿ ಇಳಿಯಬೇಕು. ಅದಕ್ಕೆ ಸ್ಪ್ಲಿಟ್ ಸ್ಟೆಪ್ ಅಂತಾರೆ. ಒಂದು ಗಂಟೆಯಲ್ಲಿ ಅದನ್ನು ಎಷ್ಟು ಸಲ ಮಾಡಬೇಕು ಅಂತ ಲೆಕ್ಕ ಹಾಕಲು ಹೋಗಿ ಲೆಕ್ಕದವಳಾದ ನಾನೇ ಕೈಬಿಟ್ಟೆ. ಮಾರನೇ ದಿನ ಮೈಸೂರು ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತಿದೆ, ಇಳಿಯಲು ಆಗಲಿಲ್ಲ. ಕಂಬಿ ಹಿಡಿದು ಒಂದೊಂದೇ ಕಾಲು ಇಟ್ಟೆ. ರೈಲು ಹೋಯಿತು.

ಇಷ್ಟಾದರೂ ಯಾಕೆ ಬಿಡಲಿಲ್ಲ? ಎರಡನೇ ವಾರದಲ್ಲಿ ಒಂದು ಚೆಂಡು ಬ್ಯಾಟಿನ ನಡುಮಧ್ಯಕ್ಕೆ ಬಡಿಯಿತು. ಕೈಗೆ ಏನೂ ಗೊತ್ತಾಗಲಿಲ್ಲ. 'ಟಪ್' ಅಂತ ಒಂದು ಸದ್ದು, ಚೆಂಡು ಆ ಕಡೆಯ ಮೂಲೆಯಲ್ಲಿ. ಅದೊಂದಕ್ಕಾಗಿ ಮುಂದಿನ ನೂರು ಕೆಟ್ಟ ಹೊಡೆತ ಸಹಿಸಬಹುದು.

ಇನ್ನೊಂದು ಕಾರಣ ಇದೆ. ಈ ಆಟಕ್ಕೆ ಗಡಿಯಾರ ಇಲ್ಲ. ಕಬಡ್ಡಿಯಲ್ಲಿ, ಫುಟ್‌ಬಾಲಿನಲ್ಲಿ ಮುಂದೆ ಇರುವವರು ಹೊತ್ತು ತಳ್ಳಿ ಗೆಲ್ಲಬಹುದು. ಇಲ್ಲಿ ಕೊನೇ ಪಾಯಿಂಟನ್ನು ಆಡಿಯೇ ಗೆಲ್ಲಬೇಕು. 0–5 ಹಿಂದೆ ಇದ್ದರೂ ಆಟ ನಿಮ್ಮ ಕೈಲಿ ಇನ್ನೂ ಇರುತ್ತದೆ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು ಮೂರು ದಿನ ಸೇರಿ 11 ಗಂಟೆ 5 ನಿಮಿಷ ಆಡಿದರು. ಕೊನೇ ಸೆಟ್ಟೇ 70–68. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ರಾತ್ರಿ ಎಂಟಕ್ಕೂ ಆಫೀಸಿನಲ್ಲಿ ಕೂತಾಗ ಅವರಿಬ್ಬರೂ ನೆನಪಿಗೆ ಬರುತ್ತಾರೆ.

ಮಳೆಗಾಲದಲ್ಲಿ ಚೆಂಡು ಒದ್ದೆಯಾಗಿ ಭಾರ ಆಗುತ್ತಿತ್ತು. ಮಾರ್ಕರ್ ಹುಡುಗನ (ಸದಸ್ಯರ ಜೊತೆ ಆಡಲು ಕ್ಲಬ್ಬು ಇಟ್ಟುಕೊಂಡಿರುವವನು) ಜೊತೆ ವಾರಕ್ಕೆ ಐದು ದಿನ ಆಡುತ್ತಿದ್ದೆ. ಬ್ಯಾಟು ಹಿಡಿದ ಕೈಯ ಎದುರು ಬದಿಗೆ ಬಂದ ಚೆಂಡನ್ನು ಹೊಡೆಯುವುದಕ್ಕೆ ಬ್ಯಾಕ್‌ಹ್ಯಾಂಡ್ ಅಂತಾರೆ. ಕೋಚ್ ಅದನ್ನು ಎರಡು ಕೈಯಲ್ಲಿ ಹೇಳಿಕೊಟ್ಟರೆ ನಾನು ಒಂದೇ ಕೈಯಲ್ಲಿ ಹೊಡೆಯುತ್ತಿದ್ದೆ. ನೋಡಲು ಚೆಂದ ಅಂತ. ಕಾಲು ತಡವಾಗಿ ಬರುತ್ತಿತ್ತು. ಚೆಂಡು ಮೈ ಹಿಂದೆ ಹೋದ ಮೇಲೆ ಮಣಿಕಟ್ಟು ಮಡಚಿ ಅದನ್ನು ಎಳೆದು ತರುತ್ತಿದ್ದೆ. ತೆಳು ಹಿಡಿ ಜಾರದಿರಲಿ ಅಂತ ಮುಷ್ಟಿ ಬಿಗಿಯಾಗಿ ಹಿಡಿಯುವುದು ಬೇರೆ. ಒಂದು ಕೋಳಿಮೊಟ್ಟೆಯಷ್ಟು ತೂಕದ ಚೆಂಡು, 60 ಗ್ರಾಮೂ ಇಲ್ಲ. ಅದರಿಂದ ಏನಾಗುತ್ತೆ ಅಂದುಕೊಂಡಿದ್ದೆ.

ದಸರಾ ವಾರದಲ್ಲಿ ಮೊಣಕೈಯ ಹೊರಬದಿ ನೋಯತೊಡಗಿತು. ಬೊಂಬೆ ಜೋಡಿಸಿದ್ದಕ್ಕೆ ಇರಬೇಕು ಅಂತ ಎಣ್ಣೆ ತಿಕ್ಕಿಕೊಂಡೆ. ಹತ್ತು ದಿನ ಕಳೆದ ಮೇಲೆ ಒಂದು ರಾತ್ರಿ ಮುದ್ದೆ ತಿರುವಲು ಕೋಲು ಹಿಡಿದೆ. ಹಿಟ್ಟು ಗಟ್ಟಿಯಾಗುತ್ತಾ ಬಂತು, ಕೋಲು ಕೈ ಬಿಟ್ಟು ಬಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂಕಿ.

ಅತ್ತೆ ಬಂದು ಕೋಲು ಎತ್ತಿಕೊಂಡರು. "ಇದಾ? ನಂಗೂ ಬಂದಿತ್ತು ಕಣಮ್ಮಿ, ನಿಮ್ಮ ಮಾವ ಇದ್ದಾಗ. ವರ್ಷ ಹಿಡೀತು. ನಾನೇನ್ ಟೆನಿಸ್ ಆಡಕ್ ಹೋಗಿದ್ನಾ?"

ಆಮೇಲೆ ಡಾಕ್ಟರೂ ಅದನ್ನೇ ಹೇಳಿದರು. ಹೆಸರು ಟೆನಿಸ್ ಎಲ್ಬೋ, ಆದರೆ ಬರುವವರಲ್ಲಿ ಹೆಚ್ಚಿನವರು ಬ್ಯಾಟು ಮುಟ್ಟಿದವರೇ ಅಲ್ಲ. ಬಟ್ಟೆ ಹಿಂಡುವವರು, ಬಡಗಿಗಳು, ಬಣ್ಣ ಬಳಿಯುವವರು, ದಿನವಿಡೀ ಮೌಸ್ ಹಿಡಿಯುವವರು. ಸಚಿನ್ ತೆಂಡೂಲ್ಕರ್‌ಗೆ 2004ರಲ್ಲಿ ಬಂದಿದ್ದೂ ಇದೇ. ನಾನು ಬ್ಯಾಟು, ಮೌಸು, ಮುದ್ದೆಕೋಲು ಮೂರನ್ನೂ ಒಂದೇ ಕೈಗೆ ಕೊಟ್ಟಿದ್ದೆ.

ಮೊದಲು ನಮ್ಮ ಬೀದಿಯ ಡಾಕ್ಟರು. 300 ಫೀಸು, 240ರ ಮಾತ್ರೆ, ಐದು ದಿನ. ನೋವು ಮಲಗಿತು, ಮಾತ್ರೆ ಮುಗಿದ ಮೇಲೆ ಎದ್ದಿತು. ನವೆಂಬರ್‌ನಲ್ಲಿ ಒಂದು ಖಾಸಗಿ ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ಹೋದೆ. ಟೋಕನ್ 34, ಎರಡೂವರೆ ಗಂಟೆ ಕಾದೆ, ಒಳಗಿದ್ದಿದ್ದು ಆರು ನಿಮಿಷ. ಹೊರಬದಿಯ ಮೂಳೆಗಂಟನ್ನು ಒತ್ತಿದರು. ಮುಷ್ಟಿ ಕಟ್ಟಿಸಿ, ಮಣಿಕಟ್ಟು ಮೇಲೆತ್ತಲು ಹೇಳಿ, ತಾವು ಕೆಳಗೆ ಒತ್ತಿದರು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಎಕ್ಸ್‌ರೇ 550 ರೂಪಾಯಿ, ಅದರಲ್ಲಿ ಏನೂ ಇಲ್ಲ. ಎರಡನೇ ಸಲ ಹೋದಾಗ ಸ್ಟೀರಾಯ್ಡ್ ಇಂಜೆಕ್ಷನ್, 1,200.

ಮೂರನೇ ದಿನಕ್ಕೆ ನೋವು ಮಾಯ! ಮನೆಯವರೆಲ್ಲರಿಗೂ ಆ ಡಾಕ್ಟರನ್ನು ಹೊಗಳಿದೆ. ಅದೇ ಬ್ಯಾಟು ಹಿಡಿದು ಏಳು ವಾರ ಆಡಿದೆ, ಅದೂ ಅದೇ ಬ್ಯಾಕ್‌ಹ್ಯಾಂಡ್. ಜನವರಿ ಮೊದಲ ವಾರ ಬಾಗಿಲ ಚಿಲಕ ತಿರುಗಿಸಲು ಹೋದೆ, ಕಣ್ಣಲ್ಲಿ ನೀರು ಬಂತು. ಮೊದಲಿಗಿಂತ ಎರಡು ಪಾಲು ನೋವು.

ಮತ್ತೆ ಅದೇ ಡಾಕ್ಟರು, ಹಿಂದಿನ ಎರಡು ಸಲದ ಹಾಗೇ ಮತ್ತೆ 600 ಫೀಸು. ಈ ಸಲ "ಯಾವುದಕ್ಕೂ ಇರಲಿ" ಅಂತ ಎಂಆರ್‌ಐ ಬರೆದರು. 6,500. ಬಳೆ, ಓಲೆ, ಸರ ಎಲ್ಲ ಬಿಚ್ಚಿ, ಕೈ ತಲೆ ಮೇಲೆ ಚಾಚಿ, ಆ ಕೊಳವೆಯೊಳಗೆ ಬೋರ್ಲು ಮಲಗಿಸಿದರು. ನೋವಿರುವ ಕೈಯನ್ನು ಅಲುಗಾಡಿಸದೆ ಅರ್ಧ ಗಂಟೆ ಇಡುವುದು ಸ್ಕ್ಯಾನಿಗಿಂತ ದೊಡ್ಡ ಪರೀಕ್ಷೆ. ಮೊದಲೇ ಒಂದು ದಿಂಬು ಕೇಳಿ ಪಡೆಯಿರಿ. ರಿಪೋರ್ಟ್ ಮಾರನೇ ಸಂಜೆ ಬಂತು. ಅದರಲ್ಲಿ 'ಪಾರ್ಷಿಯಲ್ ಟೇರ್' ಅನ್ನುವ ಎರಡು ಪದ. ರಾತ್ರಿ ನಿದ್ದೆ ಬರಲಿಲ್ಲ. ಹರಿದಿದೆ ಅಂದರೆ ಹೊಲಿಯಬೇಕು ತಾನೇ?

ಗೆಳತಿಯೊಬ್ಬಳ ಬಲವಂತಕ್ಕೆ ಬೇರೆ ಡಾಕ್ಟರ ಹತ್ತಿರ ಹೋದೆ. 700 ಫೀಸು, ಈ ಇಡೀ ಪಟ್ಟಿಯಲ್ಲಿ ಸಾರ್ಥಕವಾದ ಮೊದಲ ದುಡ್ಡು. ಅವರು ಫಿಲಂ ಪಕ್ಕಕ್ಕಿಟ್ಟು ಮೊದಲು ಕೈ ನೋಡಿದರು. ಆಮೇಲೆ ಬಿಳಿ ಹಾಳೆ ಮೇಲೆ ಪೆನ್ನಲ್ಲಿ ಬರೆದು ತೋರಿಸಿದರು. ಮಣಿಕಟ್ಟು ಎತ್ತುವ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿಗೆ ಟೆಂಡನ್ ಅಂತಾರೆ. ಅದಕ್ಕೆ ಬಿಡುವು ಕೊಡದೆ ದುಡಿಸಿದರೆ ಎಳೆ ಎಳೆಯಾಗಿ ಸವೆಯುತ್ತದೆ. ಇದು ಊತ ಕಡಿಮೆ ಮಾಡಿದರೆ ಹೋಗುವ ಕಾಯಿಲೆ ಅಲ್ಲ, ಹುರಿಗೆ ಮತ್ತೆ ನಿಧಾನವಾಗಿ ಭಾರ ಹೊರುವುದನ್ನು ಕಲಿಸಬೇಕು. ಇಂಜೆಕ್ಷನ್ನಿನಿಂದ ಕೆಲವು ವಾರ ಹಾಯಾಗಿರುತ್ತದೆ, ಆದರೆ ವರ್ಷದ ಕೊನೆಗೆ ನೋಡಿದರೆ ಅದನ್ನು ತೆಗೆದುಕೊಂಡವರಲ್ಲೇ ನೋವು ಮರುಕಳಿಸುವುದು ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆಯೂ ಏರುತ್ತದೆ. "ಮೊದಲ ಸಲವೇ ಎಂಆರ್‌ಐ ಬೇಕಾಗಿರಲಿಲ್ಲ. ಕೈಯಲ್ಲಿ ಒತ್ತಿ ನೋಡಿದರೇ ಗೊತ್ತಾಗುತ್ತೆ. ಈ ವಯಸ್ಸಿನಲ್ಲಿ ನೋವಿಲ್ಲದ ಕೈಯ ಸ್ಕ್ಯಾನಿನಲ್ಲೂ ಇಂಥ ಪದ ಬರಬಹುದು" ಅಂದರು. ಆಪರೇಷನ್ ಮಾತೇ ಬರಲಿಲ್ಲ.

ಈ ನಡುವೆ ವಿಮೆ. ಮನೆಮಂದಿಗೆಲ್ಲ ಸೇರಿ ಒಂದು ಆರೋಗ್ಯ ಪಾಲಿಸಿ ಇದೆ, ವರ್ಷ ವರ್ಷ ಕಟ್ಟುತ್ತೇವೆ. ಕ್ಲೇಮ್ ಫಾರಂ, ಅಸಲು ಬಿಲ್ಲುಗಳು, ಡಾಕ್ಟರ ಚೀಟಿ, ಸ್ಕ್ಯಾನ್ ರಿಪೋರ್ಟ್, ಕ್ಯಾನ್ಸಲ್ ಮಾಡಿದ ಚೆಕ್, ಆಧಾರ್, ಪ್ಯಾನ್ ನಕಲು ಎಲ್ಲ ಜೋಡಿಸಿ ಕಳಿಸಿದೆ. ಹತ್ತೊಂಬತ್ತು ದಿನ ಕಳೆದು ಒಂದು ಸಾಲಿನ ಉತ್ತರ ಬಂತು: ಹೊರರೋಗಿ ಖರ್ಚು ಪಾಲಿಸಿಗೆ ಬರುವುದಿಲ್ಲ. ತಪ್ಪು ನನ್ನದೇ, ಪಾಲಿಸಿ ಓದಿರಲಿಲ್ಲ. ಸಾಮಾನ್ಯವಾಗಿ 24 ಗಂಟೆ ಆಸ್ಪತ್ರೆಯಲ್ಲಿ ಮಲಗಿದರೆ ಅಥವಾ ಡೇ ಕೇರ್ (ಒಂದೇ ದಿನದಲ್ಲಿ ಮುಗಿಸಿ ಮನೆಗೆ ಕಳಿಸುವ) ಪಟ್ಟಿಯಲ್ಲಿರುವ ಚಿಕಿತ್ಸೆ ಆದರೆ ಮಾತ್ರ ದುಡ್ಡು. ಮಲಗುವ ಮುಂಚಿನ ಕೆಲವು ದಿನಗಳ ಪರೀಕ್ಷೆಗಳ ಖರ್ಚು ಅದರ ಜೊತೆ ಸೇರುತ್ತದೆ, ಮಲಗದಿದ್ದರೆ ಇಲ್ಲ. ಫಿಸಿಯೋ ಖರ್ಚನ್ನಂತೂ ಮರೆತುಬಿಡಿ. ಒಪಿಡಿ ಕವರ್ (ಹೊರರೋಗಿ ಖರ್ಚಿಗೆ ವಿಮೆ) ಅಂತ ಪಾಲಿಸಿಯಲ್ಲಿ ಬರೆದಿದೆಯಾ ಅಂತ ಇವತ್ತೇ ತೆಗೆದು ನೋಡಿ. ಅಸಲು ಬಿಲ್ಲು ಕಳಿಸುವ ಮುಂಚೆ ನಕಲು ಇಟ್ಟುಕೊಳ್ಳಿ. ನನ್ನ ಅಸಲುಗಳು ಇನ್ನೂ ವಾಪಸ್ ಬಂದಿಲ್ಲ.

ಕ್ಲಬ್ಬಿನದೂ ಒಂದು ಪಾಠ. ಆಡಲಿ ಬಿಡಲಿ ತಿಂಗಳ ಫೀಸು 2,200 ಓಡುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ತಿಂಗಳು ಹುಟ್ಟುವ ಮುಂಚೆ ಡಾಕ್ಟರ ಚೀಟಿ ಸಮೇತ ಪತ್ರ ಕೊಡಬೇಕು. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳದು ಹೋಯಿತು.

ಜನವರಿ ಮಧ್ಯದಿಂದ ಫಿಸಿಯೋ. ಹನ್ನೆರಡು ವಾರ, ಹದಿನೆಂಟು ಸಲ, ಸಲಕ್ಕೆ 400. ಯಂತ್ರ ಹಚ್ಚುತ್ತಾರೆ, ತಿಕ್ಕುತ್ತಾರೆ ಅಂದುಕೊಂಡು ಹೋಗಿದ್ದೆ. ಫಿಸಿಯೋ ಹುಡುಗಿ ನನ್ನ ಕೈಗೆ ಅರ್ಧ ಲೀಟರಿನ ನೀರಿನ ಬಾಟಲಿ ಕೊಟ್ಟಳು. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಮೇಜಿನ ಅಂಚಿನಿಂದ ಹೊರಗೆ. ಮೊದಲ ಎರಡು ವಾರ ಬಾಟಲಿ ಹಿಡಿದು 45 ಸೆಕೆಂಡ್ ಸುಮ್ನೆ ಇರುವುದು, ಐದು ಸಲ. ಆಮೇಲೆ ಎಡಗೈಯಿಂದ ಮೇಲೆತ್ತಿ, ಬಲಗೈಯಿಂದ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಸುವುದು. ಹದಿನೈದು ಇಳಿಸು, ಮೂರು ಸುತ್ತು. ಟವೆಲ್ ಹಿಂಡುವುದು. ಭುಜಕ್ಕೆ ರಬ್ಬರ್ ಪಟ್ಟಿ.

ಅವಳು ಕೊಟ್ಟ ಒಂದು ನಿಯಮ ನನಗೆ ಬಹಳ ಉಪಯೋಗಕ್ಕೆ ಬಂತು. ಹತ್ತರಲ್ಲಿ ಮೂರು ಅಂಕದಷ್ಟು ನೋವು ಬಂದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆ ಅದು ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿ. ನೋವು ಅಂದರೆ ಪೂರ್ತಿ ನಿಲ್ಲಿಸಬೇಕು, ಇಲ್ಲ ಹಲ್ಲು ಕಚ್ಚಿ ಆಡಬೇಕು, ಇವೆರಡೇ ನನಗೆ ಗೊತ್ತಿದ್ದಿದ್ದು.

ಮೊಣಕೈಗೆ ಕಟ್ಟುವ 480 ರೂಪಾಯಿಯ ಪಟ್ಟಿಯೊಂದನ್ನೂ ಕೊಂಡೆ. ಅದನ್ನು ನೋಯುವ ಮೂಳೆಯ ಮೇಲೆ ಕಟ್ಟುವವರೇ ಜಾಸ್ತಿ, ನಾನೂ ಹಾಗೇ ಕಟ್ಟಿದ್ದೆ. ಅದು ಮೂಳೆಯಿಂದ ಎರಡು ಬೆರಳು ಕೆಳಗೆ, ಮುಂಗೈಯ ದಪ್ಪ ಸ್ನಾಯುವಿನ ಮೇಲೆ ಬರಬೇಕು. ಆಫೀಸಿನಲ್ಲಿ ಮೌಸನ್ನು ಎಡಗೈಗೆ ಹಾಕಿಕೊಂಡೆ. ಮೊದಲ ವಾರ ಒಂದು ಇನ್‌ವಾಯ್ಸಿಗೆ ಎರಡು ಸೊನ್ನೆ ಹೆಚ್ಚಾಯಿತು, ಸದ್ಯ ಕಳಿಸುವ ಮುಂಚೆ ಕಣ್ಣಿಗೆ ಬಿತ್ತು. ರೈಲಿನಲ್ಲಿ ನಿಲ್ಲುವಾಗ ಮೇಲಿನ ಹಿಡಿ ಎಡಗೈಗೆ. ಮುದ್ದೆಕೋಲು ಅತ್ತೆಯ ಕೈಗೆ, ಮಾತಿನ ಸಮೇತ.

ಆರನೇ ವಾರದವರೆಗೆ ಏನೂ ಬದಲಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಬಿಟ್ಟುಬಿಡಲು ತಯಾರಾಗಿದ್ದು ಆಗಲೇ. ಅಳುಮುಖ ಹೊತ್ತು ಹೋದಾಗ ಫಿಸಿಯೋ ನನ್ನನ್ನು ಒಂಟಿಕಾಲಲ್ಲಿ ನಿಲ್ಲಿಸಿ, ಅರ್ಧ ಕೂರಲು ಹೇಳಿದಳು. ಮೊಣಕಾಲು ಒಳಕ್ಕೆ ವಾಲಿತು, ಬಿದ್ದೆ. "ನೋಡಿ, ಕಾಲು, ಸೊಂಟ ಮಾಡದ ಕೆಲಸಾನ ಕೈ ಮಾಡ್ತಾ ಇತ್ತು" ಅಂದಳು. ಟೆನಿಸ್ ಹೊಡೆತದ ಬಲ ನೆಲದಿಂದ ಹುಟ್ಟಿ ಕಾಲು, ಸೊಂಟ, ಬೆನ್ನು, ಭುಜ ದಾಟಿ ಕೊನೆಗೆ ಕೈಗೆ ಬರುತ್ತದಂತೆ. ನಡುವೆ ಒಂದು ಕೊಂಡಿ ಸೋಮಾರಿಯಾದರೆ ಬಿಲ್ಲು ಮುಂದಿನದಕ್ಕೆ. ಕೋಚ್ ಜೂನ್‌ನಿಂದ ಕೂಗುತ್ತಿದ್ದಿದ್ದು ಇದನ್ನೇ.

ಅಂದಿನಿಂದ ಭಾನುವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಉಳಿದ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ. ಮನೆಯಲ್ಲಿ ಒಂಟಿಕಾಲ ಅರ್ಧಬೈಠಕ್. ಕೈ ವಿಷಯ ಯೋಚಿಸುವುದು ಕಡಿಮೆಯಾಯಿತು. ಒಂಬತ್ತನೇ ವಾರ ಒಂದು ದಿನ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸಿ ಮುಗಿಸಿದ ಮೇಲೆ ಗೊತ್ತಾಯಿತು, ಬಲಗೈಯಲ್ಲಿ ಬಗ್ಗಿಸಿದ್ದೆ.

ಏಪ್ರಿಲ್ ಕೊನೆಗೆ ಗೋಡೆಯ ಎದುರು ಹತ್ತು ನಿಮಿಷ, ದಿನ ಬಿಟ್ಟು ದಿನ. ಚಿಕ್ಕ ಮಕ್ಕಳು ಕಲಿಯುವ ಕಿತ್ತಳೆ ಚುಕ್ಕೆಯ ಚೆಂಡು. ಮಾಮೂಲಿ ಚೆಂಡಿಗಿಂತ ಅರ್ಧ ವೇಗ, ಮೆತ್ತಗೆ ಪುಟಿಯುತ್ತದೆ. ಏಳು ವರ್ಷದ ಹುಡುಗರು ನೋಡಿ ನಕ್ಕರು, ನಗಲಿ. ಬ್ಯಾಟು ಅದೇ, ಆದರೆ ಪಾಲಿಯೆಸ್ಟರ್ ಕಿತ್ತು ಸಣ್ಣ ಸಣ್ಣ ಎಳೆ ಸೇರಿಸಿ ಮಾಡಿದ, ಮೆದುವಾದ ಮಲ್ಟಿಫಿಲಮೆಂಟ್ ಗಟ್ಟಿಂಗ್ 48 ಪೌಂಡಿಗೆ ಸಡಿಲವಾಗಿ ಹಾಕಿಸಿದೆ, 850 ರೂಪಾಯಿ. ತೆಳು ಹಿಡಿ ದಪ್ಪವಾಗಲಿ ಅಂತ ಅದರ ಮೇಲೆ ಎರಡು ಸುತ್ತು ಓವರ್‌ಗ್ರಿಪ್ ಟೇಪು. ಹಿಡಿ ಅಳತೆ ನೋಡುವುದು ಸುಲಭ: ಮುಷ್ಟಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸಬೇಕು. ಅಂಗಡಿಯಲ್ಲೇ ನೋಡಿಕೊಳ್ಳಿ.

ಬ್ಯಾಕ್‌ಹ್ಯಾಂಡ್ ಈಗ ಎರಡು ಕೈ. ಚೆಂದ ಕಾಣಲ್ಲ.

ಮೊಣಕೈಗೆ ಆದ ಖರ್ಚು 18,970. ಕ್ಲಬ್ಬಿಗೆ ಸುಮ್ನೆ ಕಟ್ಟಿದ್ದು 4,400. ಒಟ್ಟು 23,370. ಬ್ಯಾಟಿನ ಬೆಲೆಯ ಮೂರು ಪಟ್ಟಿಗಿಂತ ಜಾಸ್ತಿ. ಎರಡನೇ ಡಾಕ್ಟರ ಹತ್ತಿರ ನೇರ ಹೋಗಿ ಫಿಸಿಯೋ ಶುರು ಮಾಡಿದ್ದರೆ 8,380ರಲ್ಲಿ ಮುಗಿಯುತ್ತಿತ್ತು.

ಜೂನ್ ಎರಡನೇ ಭಾನುವಾರ ಮಗಳ ಜೊತೆ ಸೇರಿ ಮೊದಲ ಡಬಲ್ಸ್ ಆಡಿದೆ. ಎದುರು ಇಬ್ಬರು ನಿವೃತ್ತ ಮೇಷ್ಟ್ರು, ಇಬ್ಬರೂ ಅರವತ್ತು ದಾಟಿದವರು. ಓಡುವುದೇ ಇಲ್ಲ, ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಾರೆ. 4–6ಕ್ಕೆ ಸೋತೆವು. ಕೊನೇ ಗೇಮಿನಲ್ಲಿ ನನ್ನ ಬ್ಯಾಕ್‌ಹ್ಯಾಂಡೊಂದು ನೆಟ್ಟಿನ ನಡುವೆ, ಅದು ತಗ್ಗಾಗಿರುವ ಕಡೆ ಸವರಿಕೊಂಡು ಹೋಗಿ ಗೆರೆಗೆ ಬಿತ್ತು. "ಕಾಲು ಬಂತು ಅಮ್ಮ!" ಅಂತ ಮಗಳು ಕೂಗಿದಳು.

ಆ ತಿಂಗಳ ಕೊನೆಗೆ ಸದಸ್ಯತ್ವ ನವೀಕರಣ. ಅದೇ ಕಿಟಕಿ, ಅದೇ ಗುಮಾಸ್ತರು. ಫಾರಂನಲ್ಲಿ 'ಕಳೆದ ಒಂದು ವರ್ಷದಲ್ಲಿ ಗಾಯವಾಗಿದೆಯೇ' ಅಂತ ಒಂದು ಸಾಲು. ಸುಳ್ಳು ಯಾಕೆ ಅಂತ 'ಹೌದು' ಎಂದು ಬರೆದೆ.

"ಹಾಗಾದ್ರೆ ಹೊಸಾ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಲ್ಲ ಮೇಡಂ" ಅಂದರು.

ಸಂಜೆಯೇ ಹೋದೆ. ಸೀಲು, ನಂಬರು ಎರಡೂ ಇವೆಯಾ ಅಂತ ನೋಡಿಕೊಂಡೇ ಹೊರಗೆ ಬಂದೆ.